ಹಿಂದಿನ ಸೀಟಿನ ಮೋತ್ಯಾ

ಸಾಂಬ್ರಾದ ನಾಯಿಗಳು ವಿಮಾನಕ್ಕೆ ಬೊಗಳುವುದಿಲ್ಲ. ಇಲ್ಲಿಯ ವಿಮಾನ ನಿಲ್ದಾಣ 1942ರಲ್ಲಿ, ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಮಾಡಿದ್ದು. ಅಂದಿನಿಂದ ಎಷ್ಟೋ ತಲೆಮಾರಿನ ನಾಯಿಗಳು ಆ ಸದ್ದಿನ ಕೆಳಗೇ ಹುಟ್ಟಿ, ಉಂಡು, ಮಲಗಿವೆ. ಬೆಂಗಳೂರಿನ ವಿಮಾನ ತಲೆಯ ಮೇಲೆ ಇಳಿಯುವಾಗ ನಮ್ಮ ಸೋದರಮಾವನ ಮೋತ್ಯಾ ಕಿವಿ ಸಹ ಎತ್ತುವುದಿಲ್ಲ. ಅದೇ ಮೋತ್ಯಾ, ಕಾರಿನ ಕೀಲಿ ಗಿಲಕ್ ಅಂದರೆ ಸಾಕು, ಹೊರಸಿನ ಕೆಳಗೆ ಸೇರಿಬಿಡುತ್ತಿದ್ದ. ಅವನ ಲೆಕ್ಕ ಸರಿಯಾಗಿಯೇ ಇತ್ತು. ಕಾರು ಹತ್ತಿದಾಗಲೆಲ್ಲ ಅವನು ಇಳಿದದ್ದು ದನದ ದವಾಖಾನೆಯ ಮುಂದೆ.

ಮಾವನ ಮಗಳನ್ನು ಖಾನಾಪುರಕ್ಕೆ ಕೊಟ್ಟ ಮೇಲೆ ಪ್ರಶ್ನೆ ಗಂಭೀರವಾಯಿತು. “ಮೋತ್ಯಾನ್ನ ಬಿಟ್ಟ ಬಂದ್ರ ನಿನಗ ಚಹಾನೂ ಸಿಗೂದಿಲ್ಲ ನೋಡಪ್ಪಾ” ಎಂದು ಅವಳು ಫೋನಿನಲ್ಲೇ ಅಪ್ಪನಿಗೆ ತಾಕೀತು ಮಾಡಿದಳು. ಮಾವನಿಗೆ ಕಾರು ನಡೆಸಲು ಬಾರದು, ನಡೆಸುವವನು ನಾನು. ಮೊದಲು ಅಂಗಳದಲ್ಲಿ ಕಾರು ನಿಲ್ಲಿಸಿ, ಬಾಗಿಲು ತೆರೆದಿಟ್ಟು, ಒಳಗೆ ರೊಟ್ಟಿಯ ಚೂರು ಹಾಕಿದೆವು. ಇಂಜಿನ್ ಹಚ್ಚಲೇ ಇಲ್ಲ. ಅವನು ತಾನಾಗಿ ಹತ್ತಿ ಇಳಿಯುವುದು ರೂಢಿಯಾದ ಮೇಲೆ ಮುತಗಾದ ತನಕ ಒಂದು ಸುತ್ತು, ಮರಳಿ ಮನೆಗೆ. ಸೂಜಿಯೂ ಇಲ್ಲ, ಡಾಕ್ಟರೂ ಇಲ್ಲ. “ನಾಯಿಗಿ ಹವಾ ತಿನ್ನಸಾಕ ಪೆಟ್ರೋಲ್ ಸುಡಾಕತ್ಯಾರ್ರಿ!” ಎಂದು ಕಟ್ಟೆಯ ಮೇಲಿನವರು ನಕ್ಕರು. ನಗಲಿ. ಎಲ್ಲಿಗೂ ಹೋಗದ ಆ ಸುತ್ತಾಟಗಳೇ ಅವನ ಲೆಕ್ಕವನ್ನು ತಿದ್ದಿದವು.

ಕೂರುವ ಜಾಗದ ಬಗ್ಗೆ ನನಗೂ ಮಾವನಿಗೂ ಇಂದಿಗೂ ಜಗಳ. “ಅಳಿಯಾ, ಕಿಡಕಿ ತಗಿಯೋ, ಅದಕ್ಕ ಹವಾ ಬೇಕಂತ” ಎನ್ನುತ್ತಾನೆ ಅವನು. ಕಿಟಕಿಯಿಂದ ತಲೆ ಹೊರಹಾಕಿ, ಕಿವಿ ಹಾರಿಸುತ್ತ ಹೋಗುವ ನಾಯಿ ನೋಡುವವರಿಗೆ ಚೆಂದ. ಆದರೆ ಕಬ್ಬಿನ ಹಂಗಾಮಿನಲ್ಲಿ ಈ ರಸ್ತೆಯ ಮೇಲೆ ಎರಡೆರಡು ಟ್ರೇಲರ್ ಕಟ್ಟಿಕೊಂಡು ಬರುವ ಟ್ರ್ಯಾಕ್ಟರುಗಳು ಯಾರ ಕಿವಿಯನ್ನೂ ಲೆಕ್ಕಿಸುವುದಿಲ್ಲ. ಹಾರಿಬಂದ ಹರಳು ಕಣ್ಣಿಗೆ ಬಡಿದರೆ ಮತ್ತೆ ಅದೇ ದವಾಖಾನೆ. ಮುಂದಿನ ಸೀಟಿನಲ್ಲಿ ಮಾವನ ತೊಡೆಯ ಮೇಲೂ ಬೇಡ. ಏರ್‌ಬ್ಯಾಗ್ ಸಿಡಿಯುವುದು ಮನುಷ್ಯನ ಎತ್ತರದ ಅಂದಾಜಿನಲ್ಲಿ, ನಾಯಿಯ ಎಲುಬಿನ ಅಂದಾಜಿನಲ್ಲಲ್ಲ. ಹೀಗಾಗಿ ಹಿಂದಿನ ಸೀಟು, ಎದೆಗೆ ಪಟ್ಟಿ, ಪಟ್ಟಿಗೆ ಸೀಟ್ ಬೆಲ್ಟ್. ಕೊರಳಿನ ಪಟ್ಟಿಗೆ ಕಟ್ಟಿದರೆ ಒಂದು ಬ್ರೇಕಿಗೆ ಉರುಲೇ ಆದೀತು. ಕೆಳಗೆ ಅತ್ತೆ ಹೊಲಿದ ಹಳೆಯ ಕೌದಿ: ಕಾಲು ಜಾರುವುದಿಲ್ಲ, ಮೇಲಾಗಿ ಮನೆಯ ವಾಸನೆ. ಒಗೆಯಲು ಹೊರಟ ಅತ್ತೆಯನ್ನು ತಡೆಯುವುದೇ ಕಷ್ಟವಾಯಿತು.

ಕಾರು ನಡೆಸುವವನಿಗೆ ಹೊಟ್ಟೆ ತೊಳಸುವುದು ಅಪರೂಪ. ತಿರುವು ಬರುವುದು ಅವನ ಕೈಗೆ ಮೊದಲೇ ಗೊತ್ತಿರುತ್ತದೆ, ಮೈ ಮೊದಲೇ ವಾಲುತ್ತದೆ. ಪಕ್ಕದಲ್ಲಿ ಕುಳಿತವರಿಗಾದರೂ ರಸ್ತೆ ಕಾಣುತ್ತದೆ, ಹಿಡಿದುಕೊಳ್ಳಲು ಹಿಡಿಕೆಯಿದೆ. ಮೋತ್ಯಾನಿಗೆ ಎರಡೂ ಇಲ್ಲ. ಪೀರನವಾಡಿ ದಾಟಿ ಮಚ್ಛೆ ಬಂತೆಂದು ಅವನಿಗೆ ಹೇಳುವವರಾರು? ಕಣ್ಣಿಗೆ ಕೌದಿ ನಿಂತೇ ಇದೆ, ಕಿವಿಯೊಳಗಿನ ಸಮತೋಲದ ಅಂಗ ಮಾತ್ರ ನೆಲ ಓಡುತ್ತಿದೆ ಎನ್ನುತ್ತದೆ. ಆ ತಕರಾರಿನಲ್ಲಿ ಹೊಟ್ಟೆ ಕೆಡುತ್ತದೆ. ಮರಿಗಳಲ್ಲಿ ಆ ಅಂಗ ಇನ್ನೂ ಬಲಿತಿರುವುದಿಲ್ಲ, ಅದಕ್ಕೇ ಅವುಗಳ ಗೋಳು ಹೆಚ್ಚು. ವಾಂತಿಗೆ ಮುಂಚೆ ಸೂಚನೆ ಸಿಗುತ್ತದೆ: ಮೇಲಿಂದ ಮೇಲೆ ಆಕಳಿಕೆ, ತುಟಿ ನೆಕ್ಕುವುದು, ಜೊಲ್ಲು. ಹೊರಡುವ ಮೂರ್ನಾಲ್ಕು ತಾಸು ಮೊದಲಿಂದ ಊಟ ಬೇಡ, ನೀರು ಇರಲಿ. ಗುಳಿಗೆ ಬೇಕೆಂದರೆ ಪಶುವೈದ್ಯರು ತೂಕ ನೋಡಿ ಬರೆದದ್ದು ಮಾತ್ರ. ಮನುಷ್ಯರ ಗುಳಿಗೆ ಬೇಡವೇ ಬೇಡ. ಪ್ಯಾರಾಸಿಟಮಾಲ್ ಅಂತೂ ಬೆಕ್ಕಿನ ಜೀವವನ್ನೇ ತೆಗೆಯುತ್ತದೆ. ಉಳಿದದ್ದು ನನ್ನ ಕಾಲಿನ ಕೆಲಸ. ಹಿಂದಿನ ಸೀಟಿನ ಮೇಲೆ ಕಂಠಮಟ ಮಜ್ಜಿಗೆ ತುಂಬಿದ ತಂಬಿಗೆ ಇಟ್ಟವನ ಹಾಗೆ ಬ್ರೇಕು ಒತ್ತುತ್ತೇನೆ.

ಬೆಳಗಾವಿ ದಾಟುವಾಗ ಮಗಳಿಗೆ ಕುಂದಾ ಕಟ್ಟಿಸಿಕೊಳ್ಳದೆ ಮಾವ ಮುಂದೆ ಬರುವುದಿಲ್ಲ. “ಐದ ಮಿನಿಟು, ಗಾಜು ಜರಾ ಇಳಿಸಿ ಬಾ” ಎಂಬುದು ಅವನ ವಾದ. ನಮ್ಮ ಊರಿನ ಹವಾ ತಂಪು ಎಂಬ ಹೆಮ್ಮೆಯೇ ಇಲ್ಲಿ ಮೋಸ ಮಾಡುವುದು. ಹೊರಗೆ ಹಿತವಾದ 24 ಡಿಗ್ರಿ ಇದ್ದರೂ ಬಿಸಿಲಿಗೆ ನಿಂತ ಕಾರಿನೊಳಗೆ ಹತ್ತು ನಿಮಿಷಕ್ಕೆ 34, ಅರ್ಧ ತಾಸಿಗೆ 40 ದಾಟುತ್ತದೆ. ಗಾಜು ಎರಡು ಬೆರಳು ಇಳಿಸಿದರೆ ಹೆಚ್ಚೇನೂ ಬದಲಾಗದು. ನಾಯಿ ನಮ್ಮಂತೆ ಮೈಯೆಲ್ಲ ಬೆವರುವ ಪ್ರಾಣಿಯಲ್ಲ, ತೇಕಿಯೇ ತಂಪಾಗಬೇಕು. ತೇಕಲು ಸಿಗುವ ಗಾಳಿಯೇ ಕಾದಿದ್ದರೆ ಮೈಬಿಸಿ 41 ದಾಟಲು ಹೊತ್ತು ಬೇಡ. ಕುಂದಾದ ಸಾಲಿನಲ್ಲಿ ಐದು ನಿಮಿಷಕ್ಕೆ ಸರದಿ ಬಂದದ್ದನ್ನು ನಾನಂತೂ ಕಂಡಿಲ್ಲ. ಮಾವ ಇಳಿಯುತ್ತಾನೆ, ನಾವಿಬ್ಬರೂ ಏಸಿ ಹಚ್ಚಿಕೊಂಡು ಕೂರುತ್ತೇವೆ.

ಬೆಕ್ಕಿನ ಮಾತು ಬೇರೆ. ಅದಕ್ಕೆ ಕಿಟಕಿಯೂ ಬೇಡ, ಕೌತುಕವೂ ಬೇಡ. ಗಟ್ಟಿ ಪೆಟ್ಟಿಗೆ, ಮೇಲೊಂದು ಬಟ್ಟೆ, ಕತ್ತಲೆ. ದಾರಿಯುದ್ದಕ್ಕೂ ಬಯ್ಯುತ್ತದೆ, ಬಯ್ಯಲಿ. ಬಿಡುಗಡೆ ಮಾಡಿದರೆ ನೇರ ಬ್ರೇಕಿನ ಕೆಳಗೆ ಹೋಗಿ ಕೂರುತ್ತದೆ.

ಕಾರಿಲ್ಲದವರ ಪ್ರಾಣಿಗಳಿಗೆ ಬಸ್ಸಿದೆ. ನಾಯಿಗೆ ಪೂರ್ತಿ ಟಿಕೆಟ್ ಹರಿಯುತ್ತಿದ್ದ ಕೆಎಸ್‌ಆರ್‌ಟಿಸಿ 2022ರಲ್ಲಿ ಅದನ್ನು ಅರ್ಧಕ್ಕಿಳಿಸಿತು. 2024ರ ಮಾರ್ಚಿನಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೊರಟ ಅಜ್ಜಿ, ಮೊಮ್ಮಗಳು ಶಕ್ತಿ ಯೋಜನೆಯಲ್ಲಿ ಪುಕ್ಕಟೆ ಹೋದರೆ, ಅವರ ಪಂಜರದ ನಾಲ್ಕು ಲವ್ ಬರ್ಡ್ಸ್‌ಗೆ ತಲಾ 111ರಂತೆ 444 ರೂಪಾಯಿ ಬಿತ್ತು. ಅದೇ ಕೋಳಿಗಳನ್ನು ಕಾಲು ಕಟ್ಟಿ, ಬೈಕಿನ ಹ್ಯಾಂಡಲ್ಲಿಗೆ ತಲೆಕೆಳಗಾಗಿ ತೂಗುಹಾಕಿ ಸಂತೆಯಿಂದ ತನ್ನಿ, ಕೇಳುವವರಿಲ್ಲ. ಪ್ರಾಣಿಯನ್ನು ಹಿಂಸೆಯಾಗುವಂತೆ ಸಾಗಿಸುವುದು 1960ರ ಕಾಯ್ದೆಯ ಪ್ರಕಾರ ಅಪರಾಧ ಹೌದು, ಆದರೆ ಮೊದಲ ತಪ್ಪಿಗೆ ದಂಡ 50 ರೂಪಾಯಿ ಮೀರದು. ಪಂಜರದಲ್ಲಿ ನೆಟ್ಟಗೆ ಕೂತು ಹೋದ ಹಕ್ಕಿಯ ಟಿಕೆಟ್ಟೇ ಅದರ ಎರಡು ಪಟ್ಟಿನ ಮೇಲಾಯಿತು.

ಈಚೆಗೆ ಮಗಳು ಹೊಸ ಹಟ ಹಿಡಿದಿದ್ದಾಳೆ. ಖಾನಾಪುರದಿಂದ ಜಾಂಬೋಟಿ ಮೇಲೆ ಕಣಕುಂಬಿಗೆ ಹೋಗಿ ಮಲಪ್ರಭೆ ಹುಟ್ಟುವ ಜಾಗ ನೋಡಿ, ಹಾಗೇ ಚೋರ್ಲಾ ಘಾಟ್ ಇಳಿಯಬೇಕಂತೆ, ಮೋತ್ಯಾನ ಸಮೇತ. ಮೋತ್ಯಾ ತಯಾರು, ಈಗ ಕೀಲಿ ಸದ್ದಿಗೆ ಅವನೇ ಮೊದಲು ಬಾಗಿಲಿಗೆ ಬರುತ್ತಾನೆ. ಹಿಂದೆ ಸರಿಯುತ್ತಿರುವುದು ಮಾವ. ಘಾಟಿನ ತಿರುವಿನಲ್ಲಿ ಅವನಿಗೆ ಮೊದಲಿನಿಂದಲೂ ವಾಂತಿ. ಎಲ್ಲ ಕೇಳಿಸಿಕೊಂಡ ಅತ್ತೆ ಒಲೆಯ ಮುಂದಿನಿಂದ ನನಗೆ ಹೇಳಿದಳು: “ಅವತ್ತ ಇಬ್ಬರಿಗೂ ನಾಷ್ಟಾ ಬಂದ್ ಮಾಡತೀನಿ. ಕೌದಿ ದೊಡ್ಡದೈತಿ, ಹಿಂದ ಕುಂದ್ರಿಸಕೊಂಡ ಹೋಗಪಾ.”