ಜಾತ್ರೆಯ ತೊಟ್ಟಿಲು

ಶಿರಸಿ ಸೀಮೆಯಲ್ಲಿ ಜಾತ್ರೆಯ ದೊಡ್ಡ ತಿರುಗುಚಕ್ರಕ್ಕೆ ‘ತೊಟ್ಟಿಲು’ ಎನ್ನುವ ರೂಢಿಯುಂಟು. ಹುಡುಗರು ಈಗ ‘ಜಾಯಂಟ್ ವ್ಹೀಲ್’ ಎಂದರೂ ಮನೆಯ ಹಿರಿಯರ ಬಾಯಲ್ಲಿ ಹಳೆಯ ಹೆಸರೇ ಉಳಿದಿರುವದು. ಮನುಷ್ಯನು ಭೂಮಿಗೆ ಬಂದೊಡನೆ ಏರುವ ಮೊದಲನೆಯ ಆಸನದ ಹೆಸರನ್ನು ಇಷ್ಟು ದೊಡ್ಡ ಕಬ್ಬಿಣದ ಯಂತ್ರಕ್ಕೆ ಇಟ್ಟವರ ರಸಿಕತೆಯನ್ನು ಮೆಚ್ಚಬೇಕು. ಆದರೆ ಈ ಹೆಸರಿನೊಡನೆ ಒಂದು ತಿಳುವಳಿಕೆಯೂ ಬೆಳೆದು ಬಂದಿದೆ: ತೊಟ್ಟಿಲೆಂದ ಮೇಲೆ ಅದು ಮಕ್ಕಳದು, ದೊಡ್ಡವರು, ಅದರಲ್ಲಿಯೂ ವಯಸ್ಸಾದ ಹೆಂಗಸರು, ಕೆಳಗೆ ನಿಂತು ಚೀಲ ಕಾಯಬೇಕು. ಈ ತಿಳುವಳಿಕೆಯು ಸರಿಯೇ ಎಂಬದನ್ನು ವಾಚಕರೊಡನೆ ಸ್ವಲ್ಪ ವಿಚಾರಿಸಬೇಕೆಂದಿರುವೆನು.

ಶಿರಸಿಯ ಮಾರಿಕಾಂಬೆಯ ಜಾತ್ರೆಯು ಎರಡು ವರ್ಷಕ್ಕೊಮ್ಮೆ ಬರುವದು. ದೇವಿಯು ರಥವೇರಿ ಬಿಡಕಿಬೈಲಿಗೆ ಬಂದು ಗದ್ದುಗೆಯಲ್ಲಿ ಕುಳಿತಳೆಂದರೆ ಸಿದ್ದಾಪುರ, ಯಲ್ಲಾಪುರಗಳ ಕಡೆಯಿಂದಲೂ ಘಟ್ಟದ ಕೆಳಗಿನಿಂದಲೂ ಬಯಲುಸೀಮೆಯಿಂದಲೂ ಜನವು ಹರಿದು ಬರುವದು. ಹಣ್ಣುಕಾಯಿ, ಉಡಿ ಸೇವೆಗಳು ಮುಗಿದ ಮೇಲೆ ಬಳೆಯಂಗಡಿ, ಪಾತ್ರೆಯಂಗಡಿ, ಮಿಠಾಯಿಯಂಗಡಿಗಳ ಸಾಲು. ಬಳಿಕ ನಾಟಕ, ಯಕ್ಷಗಾನ. ಕತ್ತಲಾಯಿತೆಂದರೆ ಊರ ಹೊರಗಿನಿಂದಲೇ ಕಣ್ಣಿಗೆ ಬೀಳುವದು ಮಾತ್ರ ಆ ತೊಟ್ಟಿಲಿನ ದೀಪಗಳ ಉಂಗುರ.

ಈ ಆಟವು ನಿನ್ನೆ ಮೊನ್ನೆಯದಲ್ಲ. ಪಿಯೆತ್ರೊ ದೆಲ್ಲಾ ವಾಲ್ಲೆಯೆಂಬ ರೋಮಿನ ಪ್ರವಾಸಿಯು ೧೬೧೫ರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರದ ರಂಜಾನ್ ಉತ್ಸವದಲ್ಲಿ ಇಂಥದೊಂದು ಚಕ್ರವನ್ನೇರಿ, ಮೇಲಕ್ಕೂ ಕೆಳಕ್ಕೂ ವೇಗದಿಂದ ತೂಗಿಸಿಕೊಂಡು ಬಹಳ ಸಂತೋಷಪಟ್ಟನು. ಆಶ್ಚರ್ಯವೇನೆಂದರೆ, ಅದೇ ಪುರುಷನು ೧೬೨೩ರಲ್ಲಿ ಹೊನ್ನಾವರದಿಂದ ಗೇರುಸೊಪ್ಪೆಯ ದಾರಿ ಹಿಡಿದು ಘಟ್ಟ ಹತ್ತಿ, ನಮ್ಮ ಸಿದ್ದಾಪುರದ ನೆರೆಯ ಸಾಗರ ಸೀಮೆಯಲ್ಲಿರುವ ಇಕ್ಕೇರಿಗೆ ಬಂದು ವೆಂಕಟಪ್ಪನಾಯಕನನ್ನು ಕಂಡನು. ತೊಟ್ಟಿಲೇರಿ ನಕ್ಕವನು ನಮ್ಮ ಕಾಡನ್ನೂ ಕಂಡು ಹೋದನೆಂಬದು ನನಗೆ ಒಂದು ಬಗೆಯ ನಂಟುತನವಾಗಿ ತೋರುವದು.

ಆದರೆ ದೇಶ ದೇಶಗಳ ಜನರನ್ನು ಎಳೆದು ತರುವಂಥ ಮಹಾಚಕ್ರವನ್ನು ಮೊದಲು ಕಟ್ಟಿದವನು ಅಮೇರಿಕೆಯ ಜಾರ್ಜ್ ಫೆರಿಸ್ ಎಂಬ ಎಂಜಿನಿಯರನು. ೧೮೮೯ರಲ್ಲಿ ಪ್ಯಾರಿಸಿನವರು ಐಫೆಲ್ ಗೋಪುರವನ್ನು ಎತ್ತಿ ನಿಲ್ಲಿಸಿದ್ದರು. ಅದಕ್ಕೆ ಸಾಟಿಯಾದದ್ದೊಂದು ೧೮೯೩ರ ಶಿಕಾಗೋ ಪ್ರದರ್ಶನಕ್ಕೆ ಬೇಕಾಗಿತ್ತು. ಫೆರಿಸನ ಚಕ್ರವು ೨೬೪ ಅಡಿ ಎತ್ತರವಾಗಿದ್ದು, ಅದಕ್ಕೆ ೩೬ ಡಬ್ಬಿಗಳಿದ್ದವು. ಒಂದೊಂದರಲ್ಲಿ ೬೦ ಜನರಂತೆ ೨,೧೬೦ ಜನರು ಒಮ್ಮೆಲೇ ಮೇಲೇರಬಹುದಾಗಿತ್ತು. ಕಟ್ಟಿದವನು ೧೮೯೬ರಲ್ಲಿ, ೩೭ನೆಯ ವಯಸ್ಸಿನಲ್ಲಿಯೇ ತೀರಿಕೊಂಡನು. ಚಕ್ರವನ್ನು ೧೯೦೬ರಲ್ಲಿ ಸಿಡಿಮದ್ದಿನಿಂದ ಒಡೆದು ಹಾಕಿದರು. ೧೮೯೭ರಲ್ಲಿ ಎದ್ದ ವಿಯೆನ್ನಾ ನಗರದ ಚಕ್ರವಾದರೋ ೧೯೪೪ರಲ್ಲಿ ಯುದ್ಧದ ಬೆಂಕಿಗೆ ಸಿಕ್ಕಿ, ೧೯೪೭ರಲ್ಲಿ ಹಿಂದಿನ ಅರ್ಧದಷ್ಟೇ ಡಬ್ಬಿಗಳೊಡನೆ ಮತ್ತೆ ತಿರುಗತೊಡಗಿ, ಇಂದಿಗೂ ತಿರುಗುತ್ತಿರುವದು. ೨೦೦೦ದಲ್ಲಿ ತೆರೆದ ಲಂಡನ್ ಚಕ್ರವು ೪೪೩ ಅಡಿ; ೨೦೦೮ರ ಸಿಂಗಪುರದ್ದು ೫೪೧ ಅಡಿ; ೨೦೨೧ರಲ್ಲಿ ತೆರೆದ ದುಬೈಯದು ಎಲ್ಲವನ್ನೂ ಮೀರಿ ೮೨೦ ಅಡಿ.

ಈ ಲೆಕ್ಕಗಳನ್ನು ಮನಸ್ಸಿನಲ್ಲಿ ಅಳೆಯಲು ನಮ್ಮವರು ದೂರ ಹೋಗಬೇಕಾದದ್ದಿಲ್ಲ. ಸಿದ್ದಾಪುರದ ಉಂಚಳ್ಳಿಯಲ್ಲಿ ಅಘನಾಶಿನಿಯು ೩೮೧ ಅಡಿ ಕೆಳಗೆ ಧುಮುಕುವಳು. ಲಂಡನ್ ಚಕ್ರವು ಅದಕ್ಕಿಂತ ಅರವತ್ತು ಅಡಿಗಳಷ್ಟು ಮಾತ್ರ ಹೆಚ್ಚು. ದುಬೈಯ ಚಕ್ರವನ್ನು ತಂದು ಜೋಗದ ಗುಂಡಿಯಲ್ಲಿ ನಿಲ್ಲಿಸಿದರೆ, ೮೩೦ ಅಡಿಗಳ ಜಲಪಾತವು ಅದರ ನೆತ್ತಿಯ ಮೇಲೆ ಇನ್ನೂ ಹತ್ತು ಅಡಿ ಉಳಿಯುವದು. ಇಷ್ಟು ಎತ್ತರವನ್ನು ಮನೆಯ ಹತ್ತಿರವೇ ಇಟ್ಟುಕೊಂಡವರು ಹಣ ಕೊಟ್ಟು ತೊಟ್ಟಿಲನ್ನೇಕೆ ಏರಬೇಕೆಂದು ಕೇಳುವವರುಂಟು.

ಇದಕ್ಕೆ ಉತ್ತರವು ನಮ್ಮ ಮನೆಗಳ ನೆಲೆಯಲ್ಲಿಯೇ ಇದೆ. ಮಲೆನಾಡಿನ ಅಡಿಕೆಯ ತೋಟವು ಕಣಿವೆಯಲ್ಲಿರುವದು. ತೋಟದ ತಲೆಯಲ್ಲಿ ಮನೆ. ಮುಂದೆ ಗುಡ್ಡ, ಹಿಂದೆ ಬೆಟ್ಟ. ಅಲ್ಲಿಯ ಆಕಾಶವು ತೋಟದ ಅಗಲದಷ್ಟೇ. ಹಾಗೆ ಬಾಳುವವರಿಗೆ ತಾವಿರುವ ನಾಡು ಇಡಿಯಾಗಿ ಹೇಗಿದೆಯೆಂಬದು ಕಾಣುವದೇ ಅಪರೂಪ. ಜೋಗದ ಅಂಚಿನಲ್ಲಿ ನಿಂತಾಗ ನಾವು ಆಳವನ್ನು ನೋಡಿ ನಮ್ಮನ್ನು ಮರೆಯುವೆವು. ತೊಟ್ಟಿಲಿನ ತುದಿಯಲ್ಲಿಯಾದರೋ ನಾವು ನಡೆದು ಬಂದ ಬೀದಿ, ಕೊಂಡು ಬಂದ ಅಂಗಡಿ, ಕೈಮುಗಿದ ಗುಡಿ ಎಲ್ಲವೂ ಒಟ್ಟಿಗೆ ಕಾಣಿಸಿ, ನಾವು ಎಲ್ಲಿರುವೆವೆಂಬದು ತಿಳಿಯುವದು.

೨೦೨೪ರ ಮಾರ್ಚ್ ತಿಂಗಳ ಜಾತ್ರೆಗೆ ನಮ್ಮ ಆಯಿಯನ್ನು ಕರೆದುಕೊಂಡು ಹೋಗಿದ್ದೆವು. ಆಕೆಗೆ ಆಗ ೭೨ ವರ್ಷ. ತೌರು ಯಲ್ಲಾಪುರದ ಕಡೆ. ಕೊಟ್ಟದ್ದು ಸಿದ್ದಾಪುರದ ಕಡೆ. ತೌರಿನ ತೋಟವು ಪರರ ಕೈಸೇರಿ, ಒಡಹುಟ್ಟಿದವರು ಪಟ್ಟಣ ಸೇರಿದ ಮೇಲೆ ಆಕೆಗೆ ಅತ್ತ ಹೋಗುವ ಕಾರಣವೇ ಉಳಿದಿರಲಿಲ್ಲ. ನನ್ನ ಮಗಳು ತೊಟ್ಟಿಲಿನ ಬಳಿ ನಿಂತು, “ಅಜ್ಜೀ, ನೀನೂ ಬಾ” ಎಂದು ಕೈಹಿಡಿದು ಎಳೆದಳು. ಜೊತೆಗಿದ್ದ ನೆಂಟರು, “ಅವಳಿಗೇಕೆ ಇದೆಲ್ಲ? ತಲೆ ತಿರುಗೀತು” ಎಂದರು. ಆಯಿ ನಕ್ಕು, “ಅಡಿಕೆಮರ ಹತ್ತುವವರನ್ನು ಐವತ್ತು ವರ್ಷ ಕೆಳಗೆ ನಿಂತು ನೋಡಿದ್ದೇನೆ. ಒಂದು ಸಲ ನಾನೂ ಮೇಲಿಂದ ನೋಡುತ್ತೇನೆ” ಎಂದು ಚೀಲವನ್ನು ಅವರ ಕೈಗೇ ಕೊಟ್ಟಳು.

ಜಾತ್ರೆಯ ತೊಟ್ಟಿಲು ಲಂಡನ್ ಚಕ್ರದಂತೆ ನಿಲ್ಲದೆ ಮೆಲ್ಲಗೆ ನಡೆಯುವಂಥದಲ್ಲ. ಭಾರವು ಎರಡೂ ಕಡೆ ಸಮನಾಗುವಂತೆ ಎದುರುಬದುರಿನ ಡಬ್ಬಿಗಳಲ್ಲಿ ಜನರನ್ನು ಕೂರಿಸುತ್ತ, ನಡುನಡುವೆ ನಿಲ್ಲಿಸುತ್ತ ಹೋಗುವರು. ಹಾಗೆ ನಿಂತಾಗ ನಮ್ಮ ಡಬ್ಬಿಯು ತುತ್ತತುದಿಯಲ್ಲಿತ್ತು. ಕೆಳಗೆ ಜನರ ಗದ್ದಲ, ಅಂಗಡಿಗಳ ಬೆಳಕು; ಬೆಳಕು ಮುಗಿದಲ್ಲಿಂದ ಸುತ್ತಲೂ ಕಪ್ಪಾದ ಕಾಡು. ಆಯಿ ಸೆರಗನ್ನು ಬಿಗಿಹಿಡಿದುಕೊಂಡು ಕೇಳಿದಳು:

“ಯಲ್ಲಾಪುರ ಯಾವ ದಿಕ್ಕಿಗೆ?”

ನಾನು ಉತ್ತರಕ್ಕೆ ಕೈತೋರಿಸಿ, “ಅಲ್ಲಿ ಕತ್ತಲೆ, ಆಯಿ. ಏನೂ ಕಾಣುವದಿಲ್ಲ” ಎಂದೆನು.

“ಕಾಣುವದು ಬೇಡ. ದಿಕ್ಕು ತಿಳಿದರೆ ಸಾಕು” ಎಂದಳು.

ಚಕ್ರವು ಮತ್ತೆ ತಿರುಗುವವರೆಗೂ ಆಕೆಯು ಅತ್ತ ಕಡೆಯೇ ನೋಡುತ್ತಿದ್ದಳು. ಕೆಳಗಿಳಿದ ಮೇಲೆ ಅದರ ಮಾತೆತ್ತಲಿಲ್ಲ. ಚೀಲವನ್ನು ತೆಗೆದುಕೊಂಡು ಮೊಮ್ಮಗಳಿಗೆ ಬಳೆ ಕೊಡಿಸಲು ನಡೆದಳು. ಇಪ್ಪತ್ತಕ್ಕೂ ಹೆಚ್ಚು ಜಾತ್ರೆಗಳನ್ನು ಕಂಡ ಆಕೆಯು ಊರನ್ನು ಮೇಲಿನಿಂದ ನೋಡಿದ್ದು ಅದೇ ಮೊದಲು.

ನಮ್ಮ ಮನೆಗಳಲ್ಲಿ ಜಾತ್ರೆಯ ಸುಖವನ್ನು ಹಂಚುವ ಒಂದು ಪದ್ಧತಿಯಿದೆ: ಮಕ್ಕಳಿಗೆ ತೊಟ್ಟಿಲು, ಗಂಡಸರಿಗೆ ಯಕ್ಷಗಾನ, ಹೆಂಗಸರಿಗೆ ಬಳೆ-ಪಾತ್ರೆ, ಮುದುಕರಿಗೆ ಪ್ರಸಾದ. ಈ ಹಂಚಿಕೆಯನ್ನು ಯಾರೂ ಕೇಳಿ ಮಾಡಿದ್ದಲ್ಲ. ಅದು ತಾನಾಗಿ ಬೆಳೆದದ್ದು. ಹಿರಿಯರಿಗೆ ಆಸೆಯಿಲ್ಲವೆಂದು ನಾವು ಭಾವಿಸುವೆವು. ನಾವು ಕೇಳುವದಿಲ್ಲವಾದ್ದರಿಂದ ಅವರೂ ಹೇಳುವದಿಲ್ಲ. ವಿಯೆನ್ನಾದಲ್ಲಾಗಲಿ ಲಂಡನ್ನಿನಲ್ಲಾಗಲಿ ಮಹಾಚಕ್ರವನ್ನು ಮಕ್ಕಳ ಆಟಿಗೆಯೆಂದು ಯಾರೂ ಎಣಿಸುವದಿಲ್ಲ. ಅಲ್ಲಿ ಮುದುಕರೂ ಪಟ್ಟಣವನ್ನು ನೋಡಲೆಂದೇ ಏರುವರು.

ಇದರೊಡನೆ ಎಚ್ಚರದ ಮಾತೂ ಬೇಕು. ಜಾತ್ರೆಯ ಚಕ್ರವು ಕೆಲವೇ ದಿನಗಳಲ್ಲಿ ಜೋಡಿಸಿ, ಜಾತ್ರೆ ಮುಗಿದೊಡನೆ ಬಿಚ್ಚಿ ಒಯ್ಯುವ ವಸ್ತು. ಬಾಗಿಲ ಅಗುಳಿ ಬಿದ್ದಿದೆಯೇ ಎಂದು ನೋಡದೆ ಕೂರಬಾರದು. ತಿರುಗುವಾಗ ಏಳಬಾರದು, ಬಾಗಬಾರದು. ಚಿಕ್ಕವರನ್ನು ನಡುವೆ ಕೂರಿಸಬೇಕು. ಸೆರಗು, ಜಡೆಗಳನ್ನು ಒಳಗೆ ಸೇರಿಸಿಕೊಳ್ಳಬೇಕು. ಗಾಳಿಮಳೆಯ ಲಕ್ಷಣವಿದ್ದರೆ ಆ ದಿನ ಬಿಡುವದೇ ಲೇಸು. ಎದೆಯ ಬೇನೆ, ತಲೆಸುತ್ತುಗಳುಳ್ಳವರು ವೈದ್ಯರ ಮಾತನ್ನು ಮೀರಬಾರದು.

ಇಷ್ಟನ್ನು ನೋಡಿಕೊಂಡ ಮೇಲೆ ವಯಸ್ಸೊಂದನ್ನೇ ಅಡ್ಡ ಹೇಳಬೇಕಾದ ಕಾರಣವಿಲ್ಲ. ಮುಂದಿನ ಜಾತ್ರೆಯಲ್ಲಿ ತೊಟ್ಟಿಲಿನ ಚೀಟಿ ಕೊಳ್ಳುವಾಗ ಮನೆಯ ಹಿರಿಯರನ್ನೂ ಒಂದು ಮಾತು ಕೇಳಿರಿ. ಬೇಡವೆಂದರೆ ಬೇಡ, ಬರುವೆನೆಂದರೆ ಅವರ ಚೀಲವನ್ನು ನಾವು ಸ್ವಲ್ಪ ಹೊತ್ತು ಹಿಡಿದುಕೊಂಡು ನಿಲ್ಲೋಣ.