ಗ್ರೀಸ್ ಮುಟ್ಟಬಾರದ ಜಾಗ

ಗಾಳದ ರೀಲಿನೊಳಗೆ ಗ್ರೀಸ್ ಮುಟ್ಟಬಾರದ ಜಾಗವೊಂದಿದೆ. ಅದು ಗೊತ್ತಿಲ್ಲದೆ ನಾನು ಭಾವನ ರೀಲು ಕೆಡಿಸಿದೆ. ಕೆಡಿಸಿದ್ದು ನಾನೇ ಎಂದು ಗೊತ್ತಾದ ಮೇಲೂ ಸುಮ್ಮನಿದ್ದೆ. ಮೊದಲನೆಯದಕ್ಕಿಂತ ಎರಡನೆಯದು ನನ್ನನ್ನು ಹೆಚ್ಚು ಕಾಡಿದೆ.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಕಡಲಬ್ಬರದಲ್ಲಿ ಕಲ್ಲುಬಂಡೆಗಳ ಮೇಲೆ ನಿಂತು ಗಾಳ ಹಾಕುವುದೂ ಅಪಾಯ. ರೀಲುಗಳನ್ನು ಬಿಚ್ಚಿ ನೋಡಲು ಅದೇ ಸಮಯ. ಭಾವ ತನ್ನ ಹಳೆಯ ಸ್ಪಿನ್ನಿಂಗ್ ರೀಲನ್ನು ನನ್ನ ಕೈಗೆ ಕೊಟ್ಟಿದ್ದು ಅಂಥ ಒಂದು ಮಳೆಗಾಲದಲ್ಲಿ.

ನನಗೆ ಉಪ್ಪಿನ ಭಯ ವಿಪರೀತ. ಆ ಭಯ ಸುಳ್ಳಲ್ಲ. ಕಡಲ ನೀರು ಆರಿದರೂ ಉಪ್ಪು ಒಳಗೇ ಕೂತಿರುತ್ತದೆ, ಗಾಳಿಯ ತೇವ ಹೀರಿ ಮತ್ತೆ ಒದ್ದೆಯಾಗುತ್ತದೆ. ಅಲ್ಯೂಮಿನಿಯಂ ಮೈಗೆ ಸ್ಟೀಲ್ ಸ್ಕ್ರೂ ತಾಗಿರುವ ಕಡೆ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ಇದನ್ನೆಲ್ಲ ಕಂಡಿದ್ದವನು ನಾನು. ಎಲ್ಲಿ ಗ್ರೀಸ್ ಇದೆಯೋ ಅಲ್ಲಿ ಉಪ್ಪು ಹೋಗದು ಎಂದು ತೀರ್ಮಾನಿಸಿ, ಬೈಕಿಗೆ ಹಾಕುವ ದಪ್ಪ ಗ್ರೀಸನ್ನು ಸಂದು ಬಿಡದೆ ತುಂಬಿದೆ. ಸ್ಕ್ರೂಗಳ ಮರೆಗೆ ಹಚ್ಚಿದ್ದು ಸರಿಯೇ ಆಗಿತ್ತು. ದೊಡ್ಡ ಹಲ್ಲುಚಕ್ರಕ್ಕೆ, ಅದಕ್ಕೆ ಕಚ್ಚಿಕೊಳ್ಳುವ ಪಿನಿಯನ್‌ಗೆ ಹಚ್ಚಿದ್ದೂ ಸರಿ, ಅಳತೆ ಮೀರಿತ್ತು ಅಷ್ಟೆ. ಅಲ್ಲಿಗೆ ನಿಲ್ಲಿಸಬೇಕಿತ್ತು.

ದಾರ ಸುತ್ತುವ ರೋಟರಿನ ಕೆಳಗೆ ಒಂದೇ ದಿಕ್ಕಿಗೆ ತಿರುಗುವ ಕ್ಲಚ್ ಇರುತ್ತದೆ. ಉಂಗುರದೊಳಗೆ ಸಣ್ಣ ಸಣ್ಣ ಉರುಳೆಗಳು, ಒಂದೊಂದರ ಹಿಂದೆಯೂ ಕೂದಲೆಳೆಯಂಥ ಸ್ಪ್ರಿಂಗ್. ಹಿಡಿಕೆಯನ್ನು ಮುಂದಕ್ಕೆ ಸುತ್ತುವಾಗ ಉರುಳೆಗಳು ಸಡಿಲವಾಗಿರುತ್ತವೆ. ಹಿಂದಕ್ಕೆ ತಿರುಗಲು ಹೊರಟರೆ ಇಕ್ಕಟ್ಟಿನ ಕಡೆಗೆ ಜಾರಿ ಕಚ್ಚಿ ಹಿಡಿಯುತ್ತವೆ. ಮೀನು ಎಳೆದಾಗ ರೋಟರು ಅಲುಗದೆ ನಿಂತು, ದಾರ ಅದನ್ನು ತಡೆದು ಬಿಡುವ ಡ್ರ್ಯಾಗಿನ ಬಿಗಿಯಲ್ಲಷ್ಟೇ ಬಿಚ್ಚಿಕೊಳ್ಳುವುದು ಈ ಹಿಡಿತದಿಂದ. ಲೋಹಕ್ಕೆ ಲೋಹ ಕಚ್ಚಬೇಕಾದ ಆ ಜಾಗಕ್ಕೂ ನಾನು ಗ್ರೀಸ್ ತುಂಬಿದ್ದೆ. ಮನೆಯಲ್ಲಿ ಸುತ್ತಿ ನೋಡಿದಾಗ ಏನೂ ತಿಳಿಯಲಿಲ್ಲ. ಖಾಲಿ ರೀಲಿಗೆ ಭಾರವೆಲ್ಲಿ?

ಮಳೆ ಇಳಿದ ಮೇಲೆ ಗಂಗೊಳ್ಳಿ ಅಳಿವೆಯಲ್ಲಿ ಭಾವನ ಗಾಳಕ್ಕೆ ಕೆಂಬೇರಿ ಕಚ್ಚಿತು. ಕೆಂಬೇರಿ ಕಚ್ಚಿದೊಡನೆ ಕಲ್ಲಿನ ಸಂದಿಗೇ ನುಗ್ಗುವ ಮೀನು. ಮೊದಲ ಎಳೆತದಲ್ಲಿ ತಡೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಆ ಎಳೆತಕ್ಕೆ ಹಿಡಿಕೆ ಗಿರ್ರನೆ ಹಿಂದಕ್ಕೆ ತಿರುಗಿ ಭಾವನ ಗೆಣ್ಣುಗಳಿಗೆ ಬಡಿಯಿತು. ಸಡಿಲವಾದ ದಾರ ರೋಟರಿಗೆ ಸುತ್ತಿಕೊಂಡಿತು, ಉಳಿದದ್ದು ಕಲ್ಲಿಗೆ ಉಜ್ಜಿ ತುಂಡಾಯಿತು. ಭಾವ ಬೆರಳು ಹಿಡಿದುಕೊಂಡು, "ಹಳಿ ರೀಲ್ ಮಾರಾಯ, ಅದ್ರ ಕಾಲ ಮುಗೀತ್" ಅಂದ. ನಾನು ಹೌದೆಂದೆ.

ರೀಲನ್ನು ಮನೆಗೆ ತಂದು ಬಿಚ್ಚಿದಾಗ ಉರುಳೆಗಳು ಗ್ರೀಸಿನಲ್ಲಿ ಮುಳುಗಿ, ಸ್ಪ್ರಿಂಗುಗಳಿಗೆ ಅವನ್ನು ನೂಕುವ ಶಕ್ತಿಯೇ ಇಲ್ಲದಂತಾಗಿತ್ತು. ರೀಲಿನ ವಯಸ್ಸಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಕ್ಲಚ್ಚನ್ನು ಸ್ಪಿರಿಟ್‌ನಲ್ಲಿ ತೊಳೆದು, ಪೂರ್ತಿ ಆರಿಸಿ, ತೆಳು ಎಣ್ಣೆಯಲ್ಲಿ ಅದ್ದಿದ ಸೂಜಿಮೊನೆಯನ್ನು ಉರುಳೆಗಳಿಗೆ ಸೋಕಿಸಿದೆ. ಹಿಡಿಕೆ ಕಲ್ಲಿನಂತೆ ನಿಂತಿತು. ಅಷ್ಟರಲ್ಲಿ ಭಾವ ಹೊಸ ರೀಲು ಕೊಂಡಾಗಿತ್ತು. ಕೈಗೆ ಪಟ್ಟಿ ಕಟ್ಟಿಕೊಂಡಿದ್ದವನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಹೇಳಿದ್ದು ಮುಂದಿನ ಮಳೆಗಾಲ. "ಆಗ್ಳೇ ಹೇಳುಕೆ ಎಂತಾಯ್ತ್ ನಿಂಗೆ?" ಎಂದು ಕೇಳಿದ. ಉತ್ತರವಿರಲಿಲ್ಲ.

ಈಗ ಬೇರೆಯವರ ರೀಲನ್ನು ಅವರ ಎದುರಿಗೇ ಬಿಚ್ಚುತ್ತೇನೆ. ಬಿಳಿ ಬಟ್ಟೆಯ ಮೇಲೆ ಕಳಚಿದ ಕ್ರಮದಲ್ಲೇ ಭಾಗಗಳನ್ನಿಟ್ಟು, ಹಂತಹಂತವಾಗಿ ಫೋಟೊ ತೆಗೆಯುತ್ತೇನೆ, ಏಕೆಂದರೆ ಕಾಗದದಷ್ಟು ತೆಳುವಾದ ವಾಷರ್ ಒಂದು ತಪ್ಪಿದರೂ ಹಲ್ಲುಚಕ್ರಗಳು ಕರಕರ ಎನ್ನುತ್ತವೆ. ಹಲ್ಲುಗಳಿಗೆ ಗ್ರೀಸು, ದೋಸೆ ಕಾವಲಿಗೆ ಎಣ್ಣೆ ಸವರಿದಷ್ಟು ಮಾತ್ರ. ಬೇರಿಂಗುಗಳಿಗೆ, ಹಿಡಿಕೆಯ ಗುಬುಟಿಗೆ, ದಾರ ಹಾಯುವ ರೋಲರಿಗೆ ತೆಳು ಎಣ್ಣೆಯ ಒಂದೊಂದು ಹನಿ. ಡ್ರ್ಯಾಗ್ ವಾಷರುಗಳ ವಿಷಯದಲ್ಲಿ ನನ್ನ ಅಂದಾಜಿಗೆ ಬೆಲೆ ಕೊಡುವುದಿಲ್ಲ. ಕೆಲವಕ್ಕೆ ಡ್ರ್ಯಾಗಿಗೆಂದೇ ಮಾಡಿದ ಗ್ರೀಸು ಬೇಕು, ಕೆಲವು ಒಣಗಿಯೇ ಇರಬೇಕು. ರೀಲಿನ ಜೊತೆ ಬಂದ ಚೀಟಿ ನೋಡಿಯೇ ಮುಂದುವರಿಯುತ್ತೇನೆ.

ಉಪ್ಪಿಗೆ ನಿಜವಾದ ಮದ್ದು ಕಡಲಿನಿಂದ ಬಂದ ಸಂಜೆಯೇ ಸಿಹಿನೀರು. ನೀರು ವಾಷರುಗಳಿಗೆ ಇಳಿಯದಂತೆ ಡ್ರ್ಯಾಗ್ ಬಿಗಿ ಮಾಡಿ, ಮೆಲ್ಲಗೆ ನೀರು ಚಿಮುಕಿಸಬೇಕು. ಜೋರಾಗಿ ಪೈಪು ಹಿಡಿದರೆ, ಬಕೆಟ್ಟಿನಲ್ಲಿ ಮುಳುಗಿಸಿದರೆ ಹೊರಗಿನ ಉಪ್ಪನ್ನು ನಾವೇ ಒಳಗೆ ಕಳಿಸಿದಂತೆ. ಒರೆಸಿ ಆರಿಸಿದ ಮೇಲೆ ಡ್ರ್ಯಾಗ್ ಸಡಿಲಿಸಿಡಬೇಕು, ಇಲ್ಲವಾದರೆ ವಾಷರುಗಳು ಒತ್ತಿಕೊಂಡೇ ಉಳಿಯುತ್ತವೆ.

ಭಾವ ಈಗ ಅಳಿವೆಗೆ ಹೋಗುವಾಗ ಹಳೆಯ ರೀಲನ್ನೂ ಒಯ್ಯುತ್ತಾನೆ. ಅದರ ರೋಲರಿನ ಬೇರಿಂಗ್ ಈಚೆಗೆ ಉಪ್ಪು ಹಿಡಿದು ಬಿಗಿಯಾಗಿದೆ. ಒಳವ್ಯಾಸ, ಹೊರವ್ಯಾಸ, ದಪ್ಪ ಮೂರನ್ನೂ ವರ್ನಿಯರ್‌ನಲ್ಲಿ ಅಳೆದು ಬರೆದುಕೊಂಡಿದ್ದೇನೆ. ಈ ಮಳೆಗಾಲದಲ್ಲಿ ಅದನ್ನು ಬದಲಿಸಬೇಕು.