ಗಜನಿಯ ಬಾಗಿಲು ಕಾಯುತ್ತಿದ್ದವರು

ಅಘನಾಶಿನಿ ಹುಟ್ಟುವುದು ಶಿರಸಿಯ ಕಡೆ. ಉಂಚಳ್ಳಿಯಲ್ಲಿ ಧುಮುಕಿ, ಘಟ್ಟದ ಕಾಡು ಹಾದು ಕುಮಟಾ ತಾಲ್ಲೂಕಿಗೆ ಬರುವವರೆಗೆ ಅದಕ್ಕೆ ಅಡ್ಡವಾಗಿ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಹಾಗಾಗಿ ಕಾಡಿನ ಮೆಕ್ಕಲು, ಕೊಳೆತ ತರಗು, ಸಿಹಿನೀರು ಎಲ್ಲವೂ ತಡೆಯಿಲ್ಲದೆ ಕೆಳಗೆ ಇಳಿಯುತ್ತವೆ. ಕೆಳಗಿನಿಂದ ಸಮುದ್ರ ದಿನಕ್ಕೆ ಎರಡು ಸಲ ಭರತದಲ್ಲಿ ಏರಿ ಬರುತ್ತದೆ. ಬೇಸಿಗೆಯಲ್ಲಿ ಉಪ್ಪು ದಿವಗಿ, ಮಿರ್ಜಾನಗಳನ್ನು ದಾಟಿ ಒಳಗೆ ನುಗ್ಗಿದರೆ, ಆಷಾಢದ ಮಳೆಗೆ ನದಿ ಅದನ್ನು ತದಡಿಯ ಬಾಯಿಗೆ ತಳ್ಳಿ ಕೂರಿಸುತ್ತದೆ. ಈ ಎಳೆದಾಟವನ್ನೇ ನಂಬಿ ಬದುಕಿದ ಊರುಗಳಲ್ಲಿ ನಮ್ಮದೂ ಒಂದು. ಹೆಗಡೆ, ಮಾಣಿಕಟ್ಟಾ, ಮಾಸೂರು, ಕಾಗಾಲ, ಐಗಳಕುರ್ವೆ, ಯಾವ ಊರಿನ ಹೆಸರು ಹಿಡಿದರೂ ಅಲ್ಲೊಂದು ಗಜನಿ ಇತ್ತು.

ಗಜನಿ ಎಂದರೆ ಅಳಿವೆಯ ಅಂಚಿನ ತಗ್ಗು ಗದ್ದೆ. ಭರತ ಬಂದರೆ ಮುಳುಗುವ ನೆಲಕ್ಕೆ ಸುತ್ತ ಮಣ್ಣಿನ ಕಟ್ಟೆ ಹಾಕಿ, ಕಟ್ಟೆಯ ನಡುವೆ ಹಲಗೆಯ ಬಾಗಿಲು ಇಟ್ಟಿರುತ್ತಿದ್ದರು. ನಾನು ಹುಡುಗನಾಗಿದ್ದಾಗ ಊರಿನ ವರ್ಷವೆಲ್ಲ ಆ ಬಾಗಿಲಿನ ಮೇಲೆ ನಡೆಯುತ್ತಿತ್ತು. ಬೇಸಿಗೆಯ ಕೊನೆಗೆ ಇಳಿತದ ಹೊತ್ತು ನೋಡಿ ಒಳಗಿನ ಉಪ್ಪುನೀರು ಹೊರಗೆ ಬಿಡುವುದು, ಭರತ ತಿರುಗುವ ಮೊದಲೇ ಹಲಗೆ ಇಳಿಸುವುದು, ಹೀಗೆ ನೆಲ ಬಸಿದು ಒಣಗಿಸಬೇಕಿತ್ತು. ಮಳೆ ಹಿಡಿದು ಮೇಲ್ಮಣ್ಣಿನ ಉಪ್ಪು ತೊಳೆದ ಮೇಲೆ ಮೊಳಕೆ ಬರಿಸಿದ ಕಗ್ಗ ಭತ್ತದ ಬೀಜ ಬೀರುತ್ತಿದ್ದರು. ಗೊಬ್ಬರವಿಲ್ಲ, ಔಷಧಿಯಿಲ್ಲ. ನೆರೆ ಬಂದು ಗದ್ದೆ ಕೆರೆಯಾದರೂ ಕಗ್ಗ ಎದೆಮಟ್ಟ ಎದ್ದು ನಿಲ್ಲುತ್ತಿತ್ತು. ಒಂದಷ್ಟು ಉಪ್ಪು ನುಗ್ಗಿದರೂ ತಡೆಯುತ್ತಿತ್ತು. ದೀಪಾವಳಿಯ ಆಸುಪಾಸಿನಲ್ಲಿ ಸೊಂಟದ ನೀರಲ್ಲಿ ನಿಂತು ತೆನೆ ಮಾತ್ರ ಕೊಯ್ದು ದೋಣಿಗೆ ತುಂಬುತ್ತಿದ್ದರು. ಆ ಅಕ್ಕಿಯ ಕೆಂಪು ಗಂಜಿಗೆ ಇರುವ ರುಚಿ ನನಗೆ ಬೇರೆ ಯಾವ ಅಕ್ಕಿಯಲ್ಲೂ ಸಿಕ್ಕಿಲ್ಲ.

ಕೊಯ್ಲಾದ ಮೇಲೆ ಗಜನಿಯ ಎರಡನೇ ಬೆಳೆ ಶುರು. ಈಗ ಬಾಗಿಲು ಭರತಕ್ಕೆ ತೆರೆಯುತ್ತಿತ್ತು. ಉಪ್ಪುನೀರಿನ ಜೊತೆ ಕಣ್ಣಿಗೆ ಕಾಣದಷ್ಟು ಸಣ್ಣ ಶೆಟ್ಲಿ (ಸಿಗಡಿ) ಮರಿ, ನೋಗ್ಲಿ ಮೀನು, ಏಡಿ ಒಳಗೆ ಬಂದು, ನೀರಲ್ಲಿ ಕೊಳೆಯುವ ಕಗ್ಗದ ಕೂಳೆ ತಿಂದು ಬೆಳೆಯುತ್ತಿದ್ದವು. ಇಳಿತಕ್ಕೆ ಬಾಗಿಲಿಗೆ ಬಲೆ ಕಟ್ಟಿದರೆ ಮೀನು ಬಂದು ಬೀಳುತ್ತಿತ್ತು. ಅವಕ್ಕೂ ಯಾರೂ ಮೇವು ಹಾಕಿದವರಲ್ಲ. ಹುಲ್ಲು ಮೀನಿಗೆ, ಮೀನಿನ ಹಿಕ್ಕೆ ಮುಂದಿನ ಭತ್ತಕ್ಕೆ. ಬಾಗಿಲು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎನ್ನುವುದನ್ನು ಗದ್ದೆಯವರೆಲ್ಲ ಕೂತು ತೀರ್ಮಾನಿಸುತ್ತಿದ್ದರು. ಒಬ್ಬನ ಗದ್ದೆಗೆ ಉಪ್ಪು ಹೊಕ್ಕರೆ ಅದು ಎಲ್ಲರ ಗದ್ದೆಗೂ ಹೊಕ್ಕಂತೆ. ಗಜನಿಯೊಳಗೆ ಬೇಲಿ ಹಾಕಿ ನೀರು ತಡೆಯಲು ಬರುವುದಿಲ್ಲ. ಕಟ್ಟೆ ಒಡೆದ ರಾತ್ರಿ ದೊಂದಿ ಹಿಡಿದು ಮನೆಗೊಬ್ಬರು ಓಡುತ್ತಿದ್ದರು. ಕಟ್ಟೆಯ ಹೊರಮೈಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಬೆಳೆಯಲು ಬಿಟ್ಟಿದ್ದೂ ಕಟ್ಟೆ ಒಡೆಯದಿರಲಿ ಎಂದೇ. ಅದರ ಬೇರುಗಳು ತೆರೆಯ ಹೊಡೆತ ತಿಂದು ಮಣ್ಣು ಉಳಿಸುತ್ತಿದ್ದವು, ಅದೇ ಬೇರುಗಳ ಸಂದಿಯಲ್ಲಿ ಮೀನು ಮರಿ ಮಾಡುತ್ತಿತ್ತು.

ಎಪ್ಪತ್ತರ ದಶಕದಲ್ಲಿ ಸರ್ಕಾರ ಉಪ್ಪುನೆಲ ರಕ್ಷಣೆಯ ಖಾರ್‌ಲ್ಯಾಂಡ್ ಯೋಜನೆಯಲ್ಲಿ ಗಟ್ಟಿ ಕಟ್ಟೆಗಳನ್ನು ಕಟ್ಟಿಸಿತು. ಮಣ್ಣು ಹೊರುವ ಕಷ್ಟ ತಪ್ಪಿತೆಂದು ಹಿರಿಯರು ಖುಷಿಪಟ್ಟರು, ಆ ಖುಷಿ ಸುಳ್ಳಲ್ಲ. ಆದರೆ ಕಟ್ಟೆ ಸರ್ಕಾರದ್ದಾದ ಮೇಲೆ ಬಿರುಕು ಬಿಟ್ಟರೆ ಅರ್ಜಿ ಬರೆಯುವುದು ರೂಢಿಯಾಯಿತು. ದೊಂದಿ ಹಿಡಿದು ಓಡುವವರು ಕಡಿಮೆಯಾದರು. ನಮ್ಮ ಗಜನಿ ಮೊದಲು ಸಡಿಲಾದದ್ದು ಅಲ್ಲೇ ಎಂದು ನಾನು ತಿಳಿದಿದ್ದೇನೆ. ಶೆಟ್ಲಿ ಸಾಕಣೆ ಆಮೇಲೆ ಬಂದದ್ದು.

ಶೆಟ್ಲಿಗೆ ಹೊರದೇಶದಲ್ಲಿ ಬೆಲೆ ಬಂದಾಗ ಗುತ್ತಿಗೆದಾರರು ಊರಿಗೆ ಬಂದರು. ಭತ್ತದಿಂದ ವರ್ಷಕ್ಕೆ ಬರುವುದಕ್ಕಿಂತ ಎಷ್ಟೋ ಹೆಚ್ಚು ಹಣ ಮುಂಗಡವಾಗಿ ಕೈಗೆ ಕೊಟ್ಟರು. ಮಗಳ ಮದುವೆ, ಮನೆಗೆ ಹಂಚು, ಹಳೇ ಸಾಲ ಇರುವ ಮನೆಯವನು ಬೇಡ ಎನ್ನುವುದು ಹೇಗೆ? ಗುತ್ತಿಗೆದಾರನಿಗೆ ಬೇಕಾದ್ದು ಮೀನು ಮಾತ್ರ. ಅವನು ಮೇ ತಿಂಗಳಲ್ಲೂ ಬಾಗಿಲು ಮುಚ್ಚಲಿಲ್ಲ. ಉಪ್ಪು ಒಳಗೇ ನಿಂತಿತು. ಕಟ್ಟೆಯ ಕಾಂಡ್ಲಾ ಕಡಿದರು, ಹೊಂಡ ತೋಡಿದರು, ಹೊರಗಿನಿಂದ ಮರಿ ತಂದು ಚೀಲಗಟ್ಟಲೆ ಮೇವು ಸುರಿದರು. ಆ ವರ್ಷ ಅಪ್ಪ ಹಟಕ್ಕೆ ಕಗ್ಗ ಬಿತ್ತಿದ. ಮೊಳಕೆ ಸುಟ್ಟಂತೆ ಕೆಂಪಾಯಿತು. ಪಕ್ಕದ ಗದ್ದೆಯ ಅಜ್ಜ ಕಟ್ಟೆಯ ಮೇಲೆ ನಿಂತು, "ಉಪ್ಪು ಒಳಗೆ ಕೂತ್ರೆ ಒಂದೇ ಮಳೆಗೆ ಎದ್ದು ಹೋಗುದಿಲ್ಲ ತಮಾ" ಎಂದು ನನಗೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ.

ತೊಂಬತ್ತರ ದಶಕದ ನಡುವಿನಲ್ಲಿ ಬಿಳಿ ಚುಕ್ಕೆ ರೋಗ ದೇಶದ ಕರಾವಳಿಯ ಶೆಟ್ಲಿ ಹೊಂಡಗಳಿಗೆಲ್ಲ ಬಡಿಯಿತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕರಾವಳಿಯ ನಿಯಂತ್ರಿತ ವಲಯದಲ್ಲಿ ಇಂಥ ಸಾಕಣೆಯ ವಿರುದ್ಧ ತೀರ್ಪು ಕೊಟ್ಟಿತು. ನಮ್ಮಲ್ಲಿ ತೀರ್ಪಿಗಿಂತ ಮೊದಲು ರೋಗವೇ ಕೆಲಸ ಮುಗಿಸಿತ್ತು. ಗುತ್ತಿಗೆದಾರರು ಹೋದರು. ಹೊಂಡ, ಒಡೆದ ಬಾಗಿಲು, ಬೀಜವಿಲ್ಲದ ಕಣಜ ಉಳಿದವು. ಗದ್ದೆ ಕೆಲಸ ಬಿಟ್ಟ ಹುಡುಗರು ಅಷ್ಟರಲ್ಲಿ ಗೋವಾ, ಮುಂಬೈ ಕಡೆ ಹೊರಟಿದ್ದರು. ಅವರಿಗೆ ಕಗ್ಗ ಬೆಳೆಯುವುದನ್ನು ಕಲಿಸುವ ಸಮಯವೇ ಸಿಗಲಿಲ್ಲ.

ಆ ಕೆಟ್ಟ ವರ್ಷಗಳಲ್ಲಿ ಮನೆ ಸಾಕಿದ್ದು ಬಳಚು ಎಂಬ ಚಿಪ್ಪುಜೀವಿ. ಇಳಿತಕ್ಕೆ ನದಿಯ ನಡುವಿನ ದಿಬ್ಬಗಳು ಬಯಲಾದಾಗ ಹೆಂಗಸರು, ಗಂಡಸರು ನೀರಿಗಿಳಿದು ಕಾಲಿನಲ್ಲೇ ತಡವಿ ಚಿಪ್ಪು ಆಯುತ್ತಾರೆ. ಇದಕ್ಕೆ ಬಂಡವಾಳ ಎಂದರೆ ಒಂದು ಬುಟ್ಟಿ, ಸಾಧ್ಯವಾದರೆ ಒಂದು ದೋಣಿಯ ಪಾಲು. ಜಮೀನಿಲ್ಲದವರಿಗೂ ಅಳಿವೆಯಲ್ಲಿ ಪಾಲು ಇದೆ ಎನ್ನುವುದಕ್ಕೆ ಬಳಚಿಗಿಂತ ದೊಡ್ಡ ಸಾಕ್ಷಿ ನಾನು ಕಂಡಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಬಂದು ದಂಡೆಯ ಊರುಗಳಲ್ಲಿ ಲೆಕ್ಕ ಹಾಕಿ, ವರ್ಷಕ್ಕೆ ಸುಮಾರು 22 ಸಾವಿರ ಟನ್ ಚಿಪ್ಪುಜೀವಿ ಇಲ್ಲಿಂದ ಏಳುತ್ತದೆ, ಎರಡು ಸಾವಿರಕ್ಕೂ ಹೆಚ್ಚು ಜನ ನೇರವಾಗಿ ಅದರಿಂದ ದುಡಿಯುತ್ತಾರೆ ಎಂದು 2008ರ ಹೊತ್ತಿಗೆ ಬರೆದರು. ಗೋವಾದ ಪೇಟೆಗೆ ಹೋಗುವ ಮೂಟೆ ನೋಡಿದ್ದ ನಮಗೂ ಆ ಅಂಕಿ ಕೇಳಿ ಆಶ್ಚರ್ಯವಾಯಿತು.

ಆ ಲೆಕ್ಕ ಬೇಕಾದ ಹೊತ್ತಿಗೇ ಬಂತು. ತದಡಿಯಲ್ಲಿ 4,000 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪ್ರಸ್ತಾಪ ಆಗ ಮೇಜಿನ ಮೇಲಿತ್ತು. ಬಿಸಿನೀರು ನದಿಗೆ ಬಿದ್ದರೆ ಬಳಚಿನ ಗತಿ ಏನು, ಬೂದಿ ಎಲ್ಲಿ ಸುರಿಯುತ್ತಾರೆ, ಸಾಣಿಕಟ್ಟಾದ ಉಪ್ಪಿನ ಆಗರಕ್ಕೆ ಬರುವ ನೀರು ಹೇಗಿರುತ್ತದೆ ಎಂದು ಸಭೆಗಳಲ್ಲಿ ಕೇಳಿದವರು ದೋಣಿಯವರು, ಮೀನು ಮಾರುವ ಹೆಂಗಸರು. ಹಾಳು ಬಿದ್ದ ಭೂಮಿ ಎಂದು ಕಾಗದದಲ್ಲಿ ಬರೆದ ಜಾಗದಲ್ಲಿ ಎಷ್ಟು ಜನ ಉಣ್ಣುತ್ತಿದ್ದಾರೆ ಎಂಬುದು ಅವರ ಬಾಯಿಂದ ಹೊರಗೆ ಬಂತು. ಸ್ಥಾವರ ಬರಲಿಲ್ಲ. ಆಮೇಲೆ ದೊಡ್ಡ ಬಂದರಿನ ಮಾತು ಎದ್ದಿತು.

ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿದ ಸುದ್ದಿ 2024ರ ಜನವರಿಯ ಕೊನೆಗೆ ಬಂತು. ನನಗೆ ನಿಜಕ್ಕೂ ಸಂತೋಷವಾಯಿತು. ಅರಣ್ಯ ಇಲಾಖೆ ನೆಟ್ಟ ಕಾಂಡ್ಲಾ ಈಗ ಕೆಲವು ಕಡೆ ಆಳೆತ್ತರ ದಾಟಿದೆ, ಕೊಕ್ಕರೆಗಳು ಕೂರುತ್ತವೆ, ಪೇಟೆಯಿಂದ ದೋಣಿ ವಿಹಾರಕ್ಕೆ ಜನ ಬರುತ್ತಾರೆ. ಆದರೆ ಕಾಂಡ್ಲಾ ಮತ್ತು ಹಕ್ಕಿಗೆ ಮಾತ್ರ ಕಾವಲಿಟ್ಟರೆ ಅಳಿವೆಯ ಅರ್ಧ ಕೈಬಿಟ್ಟಂತೆ. ಗಜನಿಯೂ ಅಳಿವೆಯೇ. ಭತ್ತವಿದ್ದ ಗಜನಿಯ ಮೀನು ಬೇರೆ, ವರ್ಷವಿಡೀ ಉಪ್ಪು ನಿಂತ ಹೊಂಡದ ಮೀನು ಬೇರೆ. ಹಿಡಿದು ನೋಡಿದವರಿಗೆಲ್ಲ ಇದು ಗೊತ್ತು.

ಮಾಣಿಕಟ್ಟಾದ ರೈತರು ಒಗ್ಗಟ್ಟಾಗಿ ಕಗ್ಗದ ಬೀಜ ಉಳಿಸಿಕೊಂಡಿದ್ದಾರೆ. ನಮ್ಮ ಕಡೆಯ ಕೆಲವರು ಬೀಜ ಕೇಳಿ ತಂದರು, ಒಂದು ಮೂಲೆಯಲ್ಲಿ ಬಿತ್ತಿದರು, ಬಂತು. ಪೂರಾ ಗಜನಿಗೆ ಬಿತ್ತಲು ಬೀಜದ ಕೊರತೆಯಿಲ್ಲ. ಆದರೆ ಅದಕ್ಕೆ ಬೇಸಿಗೆಯ ಕೊನೆಗೆ ಎಲ್ಲ ಬಾಗಿಲುಗಳೂ ಒಟ್ಟಿಗೆ ಮುಚ್ಚಬೇಕು, ಮೀನಿನ ಗುತ್ತಿಗೆ ಕೊಯ್ಲಿನ ನಂತರಕ್ಕೆ ಮಾತ್ರ ಇರಬೇಕು, ಕಟ್ಟೆಯ ದುರಸ್ತಿಯ ಹಣ ಗದ್ದೆಯವರ ಸಂಘದ ಕೈಗೆ ಬರಬೇಕು. ರಾಮ್ಸಾರ್ ತಾಣದ ನಿರ್ವಹಣೆಗೆ ಯೋಜನೆ ಬರೆಯುವವರು ಈ ಮೂರನ್ನು ಅದರೊಳಗೆ ಸೇರಿಸಲಿ. ಬಾಗಿಲಿನ ಹೊತ್ತು ಲೆಕ್ಕ ಹಾಕಬಲ್ಲ ಹಿರಿಯರು ಊರಿನಲ್ಲಿ ಇನ್ನೂ ಇದ್ದಾರೆ, ಕರೆದರೆ ಬರುತ್ತಾರೆ.